‘ಆಗಿಬರಲ್ಲ’ ಎನ್ನುವುದಕ್ಕೆ ಎಷ್ಟು ಅರ್ಥ? ಗ್ಲುಟೆನ್ ಸುತ್ತ ಒಂದು ಪದಚರ್ಚೆ

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಗೋಡೆಗೆ ಅಂಟಿಸಲು ಒಂದು ಚೀಟಿ ಬರೆಯೋಣ ಅಂತ ಕೂತೆ. ಮೂರನೇ ಸಾಲಿಗೇ ಪದ ಸಿಗದೆ ನಿಂತುಬಿಟ್ಟೆ.

ನಮ್ಮ ಮನೆಯಲ್ಲಿ ಇಬ್ಬರಿಗೆ ಗೋಧಿ ಆಗಿಬರಲ್ಲ. ಅಣ್ಣನ ಮಗ ಚಪಾತಿ ತಿಂದರೆ ಹತ್ತು ನಿಮಿಷದಲ್ಲಿ ತುಟಿ ಊದಿ ಮೈತುಂಬಾ ದದ್ದು ಏಳುತ್ತವೆ. ಅದು ಗೋಧಿ ಅಲರ್ಜಿ. ತಂಗಿಗಿರುವುದು ಸೀಲಿಯಾಕ್ ಅನ್ನುವ ಕಾಯಿಲೆ. ಅವಳು ಚಪಾತಿ ತಿಂದುಕೊಂಡು ಆರಾಮಾಗಿಯೇ ಓಡಾಡಿಕೊಂಡಿದ್ದಳು. ರಕ್ತ ಕಡಿಮೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಏರಲಿಲ್ಲ. ಕೊನೆಗೆ ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ಅನ್ನುವ ರಕ್ತಪರೀಕ್ಷೆ, ಎಂಡೋಸ್ಕೋಪಿ ಆದಮೇಲೆ ವಿಷಯ ಗೊತ್ತಾಯಿತು. ಈಗ ಅಮ್ಮನ ತಕರಾರು: “ಮೊನ್ನೆ ಮದುವೆ ಮನೇಲಿ ಒಂದು ಚಿರೋಟಿ ತಿಂದ್ಲು, ಏನೂ ಆಗ್ಲಿಲ್ವಲ್ಲ?”

ತಪ್ಪು ಅಮ್ಮನದಲ್ಲ, ಪದದ್ದು. ‘ಆಗಿಬರಲ್ಲ’ ಅಂದಕೂಡಲೇ ತಿಂದಮೇಲೆ ಏನೋ ಒಂದು ಕಾಣಿಸಬೇಕು ಅನ್ನಿಸುತ್ತದೆ, ಅಲ್ವಾ? ಅಲರ್ಜಿಗೆ ಇದು ಸರಿ. ಅದು ಸಾಮಾನ್ಯವಾಗಿ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಉಸಿರೇ ಕಟ್ಟಬಹುದು. ಸೀಲಿಯಾಕ್‌ನಲ್ಲಿ ಗ್ಲುಟೆನ್, ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನ್, ಒಳಗೆ ಹೋದರೆ ಮೈಯ ರಕ್ಷಣಾ ವ್ಯವಸ್ಥೆ ಸ್ವಂತ ಸಣ್ಣಕರುಳಿನ ಒಳಪದರದ ಮೇಲೇ ತಿರುಗಿಬೀಳುತ್ತದೆ. ಒಬ್ಬರಿಗೆ ಎರಡು ಗಂಟೆಯಲ್ಲಿ ವಾಂತಿ, ಇನ್ನೊಬ್ಬರಿಗೆ ಮಾರನೇ ದಿನ ಭೇದಿ. ಮತ್ತೊಬ್ಬರಿಗೆ ಮೊಣಕೈ, ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ. ತಂಗಿಯಂಥವರಿಗೆ ಏನೂ ಇಲ್ಲ, ಆದರೂ ಒಳಗೆ ಕರುಳು ಸವೆಯುತ್ತಿರುತ್ತದೆ. ಸಂಕಟ ಎಷ್ಟು ಜೋರು ಅನ್ನುವುದರಿಂದ ಪೆಟ್ಟು ಎಷ್ಟು ಅಂತ ಅಳೆಯಲು ಬರುವುದಿಲ್ಲ. ಅಲರ್ಜಿ, ಸೀಲಿಯಾಕ್ ಎರಡರ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೂ ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುವವರು, ತಲೆನೋವು ಬರುವವರು ಬೇರೆ ಇದ್ದಾರೆ. ಅವರದು ಮೂರನೇ ಗುಂಪು.

ಇಷ್ಟಕ್ಕೆಲ್ಲ ಕನ್ನಡದಲ್ಲಿ ಏನನ್ನೋಣ? ‘ಅಸಹಿಷ್ಣುತೆ’ ಅಂತ ಬರೆದರೆ ಟಿವಿ ಚರ್ಚೆಯ ನೆನಪಾಗುತ್ತದೆ. ಗ್ಲುಟೆನ್‌ಗೆ ‘ಅಂಟು’ ಅನ್ನುವವರಿದ್ದಾರೆ. ಲ್ಯಾಟಿನ್‌ನಲ್ಲೂ ಆ ಪದದ ಅರ್ಥ ಅಂಟು ಅಂತಲೇ. ಆದರೆ ‘ಅಂಟಿನ ಕಾಯಿಲೆ’ ಅಂದರೆ ಪಕ್ಕದ ಮನೆಯವರು ಮಗೂನ ಕರೆದುಕೊಂಡು ದೂರ ಹೋಗುತ್ತಾರೆ! ಬಾಣಂತಿಗೆ ಕೊಡುವ ಅಂಟಿನುಂಡೆ ಬೇರೆ ಇದೆ. ‘ಜಿಗಿ’ ನನಗೆ ಇಷ್ಟವಾಗಿತ್ತು. ಹೋಳಿಗೆಯ ಕಣಕವನ್ನು ನಾದಿ, ಎಣ್ಣೆ ಹಾಕಿ ನೆನೆಯಲು ಬಿಟ್ಟರೆ ಎಳೆದಷ್ಟೂ ಹಿಗ್ಗುತ್ತದಲ್ಲ, ಅದು ಗ್ಲುಟೆನ್ನಿನ ಕೆಲಸವೇ. ಆದರೆ ರೊಟ್ಟಿ ಹರಿದರೆ ಜೋಳದ ಹಿಟ್ಟಿಗೂ ಜಿಗಿ ಇಲ್ಲ ಅನ್ನುತ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಹಾಗಾಗಿ ಅದೂ ಕೈಕೊಟ್ಟಿತು. ಗ್ಲುಟೆನ್ ಗ್ಲುಟೆನ್ನಾಗಿಯೇ ಇರಲಿ.

ಕ್ರಿಯಾಪದದ್ದು ಇನ್ನೂ ದೊಡ್ಡ ಕಷ್ಟ. ‘ಒಗ್ಗಲ್ಲ’ ಅಂತ ಬರೆದಿದ್ದೆ, ಚೆಂದದ ಪದ. ಓದಿದ ಚಿಕ್ಕಮ್ಮ ಕೂಡಲೇ, “ದಿನಾ ಒಂದು ಚೂರು ಕೊಟ್ಟು ಒಗ್ಗಿಸಿ” ಅಂದರು. ಒಗ್ಗದ್ದನ್ನು ಒಗ್ಗಿಸಿಕೊಳ್ಳಬಹುದು ಅನ್ನುವುದು ಆ ಪದದ ಹೊಟ್ಟೆಯಲ್ಲೇ ಇದೆ. ಸೀಲಿಯಾಕ್‌ಗೆ ಆ ಚೂರೂ ಕೂಡದು. ಗೋಧಿಹಿಟ್ಟು ಬೆರೆಸಿದ ಇಂಗು ಕೂಡ ಬೇಡ. ‘ಪಥ್ಯ’ ಅಂದರೆ ನಲವತ್ತೆಂಟು ದಿನ ಕಳೆದಮೇಲೆ ಮುಗಿಯುತ್ತದೆ ಅಂದುಕೊಳ್ಳುತ್ತಾರೆ, ಇದು ಜೀವನಪರ್ಯಂತ.

ಸದ್ಯಕ್ಕೆ ಹತ್ತಿರ ಬಂದಿರುವುದು ‘ನಂಜು’. ಗಾಯ ಇದ್ದಾಗ ಬದನೆಕಾಯಿ ನಂಜು ಅನ್ನುತ್ತಾರಲ್ಲ, ಆ ಬಳಕೆ. (ಬದನೆಕಾಯಿ ನಿಜವಾಗಿ ಏನಾದರೂ ಮಾಡುತ್ತದೋ, ಆ ಮಾತು ಬೇರೆ.) ಇವತ್ತು ತಿಂದದ್ದು ಮೈಯ ಇನ್ನೆಲ್ಲೋ, ಇನ್ಯಾವಾಗಲೋ ತೋರುತ್ತದೆ ಅನ್ನುವ ಭಾವ ಅದರಲ್ಲಿದೆ. ಆದರೆ ನಂಜು ಅಂದರೆ ವಿಷವೂ ಹೌದು. ಗೋಧಿ ಎಲ್ಲರಿಗೂ ವಿಷ ಅಂತ ಸುಮ್ನೆ ಇನ್ನೊಂದು ವಾಟ್ಸಾಪ್ ಸುದ್ದಿ ಹುಟ್ಟಿಸುವುದು ನನಗೆ ಬೇಡ.

ಹಾಗಾಗಿ ಎರಡು ಪ್ರಶ್ನೆ. ನಿಮ್ಮ ಕಡೆ ‘ನಂಜು’ ಒಬ್ಬರಿಗೆ ಮಾತ್ರ ಅನ್ನುವ ಅರ್ಥದಲ್ಲಿ, ‘ಅವಳಿಗೆ ಗೋಧಿ ನಂಜು’ ಅಂತ, ಬಳಕೆಯಲ್ಲಿದೆಯೇ? ಮೇಲೆ ಏನೂ ತೋರದೆ ಒಳಗೇ ಕೆಡುವುದಕ್ಕೆ ಮನೆಮಾತಿನಲ್ಲಿ ಒಂದೇ ಪದ ಏನಾದರೂ ಇದೆಯೇ? ಶನಿವಾರ ಮನೆಗೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಸಿಕ್ಕರೆ ಚೀಟಿ ಮುಗಿಸುತ್ತೇನೆ.