ಆಕ್ಸೆಂಟ್ ಎಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು: ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಲೇ?

ದಾವಣಗೆರೆ_ಆಕ್ಸೆಂಟ್
ಅಪ್ಪ ಕೊಟ್ಟ 2004ರ ಹ್ಯುಂಡೈ ಆಕ್ಸೆಂಟ್ ಕಾರು, 1.5 ಲೀಟರ್ ಪೆಟ್ರೋಲ್, 12 ವಾಲ್ವ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಟಿಕ್ ಟಿಕ್ ಎಂದು ಸುಮ್ಮನಾಗುವುದು ಮೊದಲಿನಿಂದಲೂ ಇದೆ. ಆದರೆ ಕಳೆದ ಸರ್ವಿಸ್ ಆದಮೇಲೆ, ಚಿತ್ರದುರ್ಗದವರೆಗೆ ಹೆದ್ದಾರಿಯಲ್ಲಿ ಓಡಿಸಿ ನಿಲ್ಲಿಸಿದರೆ ಹೊಲಿಗೆ ಯಂತ್ರದಂತೆ ಸದ್ದು ಶುರುವಾಗುತ್ತದೆ. ರೇಸ್ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಆಯಿಲ್ ದೀಪ ಹೊತ್ತಿಲ್ಲ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಮೇಲಿನ ಸಂದು ಸರಿಮಾಡುವುದು) ಮಾಡಿ ದಪ್ಪ ಆಯಿಲ್ ಹಾಕೋಣ ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಲೇ?

ಹುಬ್ಬಳ್ಳಿ_ಹಳೇ_ಮೇಸ್ತ್ರಿ
ತಮ್ಮಾ, ಸೆಟ್ಟಿಂಗ್ ಮಾಡಲು ಅದರಲ್ಲಿ ಸ್ಕ್ರೂ ಎಲ್ಲಿದೆ ಎಂದು ಅವರನ್ನೇ ಕೇಳು. ಹೋಂಡಾ ಸಿಟಿಯಲ್ಲಾದರೆ ಸ್ಕ್ರೂ ಉಂಟು, ಲಾಕ್ ನಟ್ ಉಂಟು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸಂದು ಸರಿಮಾಡಬಹುದು. ನಿನ್ನ ಎಂಜಿನ್ನಿನಲ್ಲಿ ಪ್ರತಿ ವಾಲ್ವಿಗೂ, ಅದನ್ನು ಒತ್ತುವ ರಾಕರ್ ಎಂಬ ತೋಳಿನ ತುದಿಯಲ್ಲಿ ಹೈಡ್ರಾಲಿಕ್ ಅಡ್ಜಸ್ಟರ್ ಕೂತಿದೆ. ಒಳಗೆ ತುಂಬಿದ ಆಯಿಲ್ ಒತ್ತಡವೇ ಸಂದು ಮುಚ್ಚುತ್ತದೆ. ಆಯಿಲಿನಲ್ಲಿ ಗಾಳಿ ಸೇರಿದರೆ ಅದು ಅದುಮಿಕೊಳ್ಳುತ್ತದೆ, ಸಂದು ಉಳಿಯುತ್ತದೆ, ಸದ್ದು ಬರುತ್ತದೆ.

ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡು. ಆಯಿಲ್ ಎಫ್ (ಪೂರ್ತಿ) ಗುರುತಿಗಿಂತ ಮೇಲಿದ್ದರೆ, ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತಿದೆ. ಹೆದ್ದಾರಿ ಓಟದ ನಂತರವೇ ಸದ್ದು ಬರುವುದನ್ನು ನೋಡಿದರೆ ನನ್ನ ಅನುಮಾನ ಅಲ್ಲಿಯೇ. ಎಲ್ (ಕನಿಷ್ಠ) ಗುರುತಿಗಿಂತ ಕೆಳಗಿದ್ದರೂ ಪಂಪು ಗಾಳಿ ಎಳೆಯುತ್ತದೆ.

ದಪ್ಪ ಆಯಿಲ್ ಬೇಡ. ಬಿಸಿಯಲ್ಲಿ ಸದ್ದು ಅಡಗಬಹುದು, ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಮೇಲಕ್ಕೆ ಏರಲು ಮಾತ್ರ ತಡಮಾಡುತ್ತದೆ. ದೀಪ ಹೊತ್ತಿಲ್ಲ ಎಂಬುದೂ ಸಾಕ್ಷಿಯಲ್ಲ. ಒತ್ತಡ ತೀರಾ ಕುಸಿದಾಗಷ್ಟೇ ಅದು ಹೊತ್ತುವುದು. ಆ ದೀಪದ ಸ್ವಿಚ್ ಬಿಚ್ಚಿ ಅಲ್ಲಿ ಒತ್ತಡದ ಗೇಜ್ ಹಾಕಿ ಅಳೆಯಲು ಹೇಳು.

ಜೆಸಿ_ರಸ್ತೆ_ಗ್ರಾಹಕ
ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆ) ಪ್ಯಾಕಿಂಗ್ ಸೋರಿದರೂ ಇಂಥದೇ ಸದ್ದು ಬರುತ್ತದೆ, ಸುತ್ತ ಮಸಿ ಹಿಡಿದಿದೆಯೇ ನೋಡಿ. ಆಯಿಲ್ ಫಿಲ್ಟರ್ ಅಸಲಿಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನಕಲಿಯಲ್ಲಿ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಕೆಟ್ಟದ್ದಿರುತ್ತದೆ. ಬೆಳಗಿನ ಸದ್ದಿಗೆ ಅದೇ ಕಾರಣವಿರಬಹುದು.

ಹುಬ್ಬಳ್ಳಿ_ಹಳೇ_ಮೇಸ್ತ್ರಿ
ಮ್ಯಾನಿಫೋಲ್ಡ್ ಸದ್ದು ಸಾಮಾನ್ಯವಾಗಿ ತಣ್ಣಗಿದ್ದಾಗ ಜೋರು, ಬಿಸಿಯಾದಂತೆ ಲೋಹ ಹಿಗ್ಗಿ ತಗ್ಗುತ್ತದೆ. ಇಲ್ಲಿ ತಿರುಗಾಮುರುಗಾ. ಆದರೂ ನೋಡಲಿ, ಖರ್ಚೇನಿಲ್ಲ. ಫಿಲ್ಟರ್ ಮಾತು ಸರಿ.

ದಾವಣಗೆರೆ_ಆಕ್ಸೆಂಟ್
ಕಾಕಾ, ಎಫ್ ಗುರುತು ಮುಳುಗಿಹೋಗಿದೆ! ಸರ್ವಿಸ್ ಮಾಡಿದವರು ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದಿದ್ದಾರೆ. ಹೆಚ್ಚಿನದನ್ನು ತೆಗೆಸಿ, ಫಿಲ್ಟರ್ ಬದಲಾಯಿಸಿದೆ. ಗೇಜ್ ಹಾಕಿಸಿದಾಗ ಒತ್ತಡವೂ ಸರಿ ಇತ್ತು. ಸದ್ದು ಬಹುಪಾಲು ಹೋಯಿತು. ಉದ್ದನೆಯ ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಕೇಳಿದರೆ, ಮೂರನೇ ಸಿಲಿಂಡರಿನ ಮೇಲೆ ಒಂದು ಅಡ್ಜಸ್ಟರ್ ಮಾತ್ರ ಇನ್ನೂ ಬಡಿಯುತ್ತಿದೆ.

ಹುಬ್ಬಳ್ಳಿ_ಹಳೇ_ಮೇಸ್ತ್ರಿ
ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ಬಿಸಿಯಾದಮೇಲೆ ನಿಧಾನವಾಗಿ 3000 ಆರ್‌ಪಿಎಂ ವರೆಗೆ ಏರಿಸು, ನಿಧಾನವಾಗಿ ಐಡಲ್‌ಗೆ ಇಳಿಸು. ಹೀಗೆ ಹಲವು ಸಲ ಮಾಡು. ಒಮ್ಮೆಲೇ ಒತ್ತಬೇಡ.

ಆದರೂ ನಿಲ್ಲದಿದ್ದರೆ ಬಿಸಿ ಇರುವಾಗಲೇ ಮೇಲಿನ ಕವರ್ ತೆಗೆಸು. ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಅಡ್ಜಸ್ಟರ್ ಮೇಲೆಯೇ ರಾಕರನ್ನು ಬೆರಳಿನಿಂದ ಒತ್ತಬೇಕು. ಉಳಿದವು ಗಟ್ಟಿಯಾಗಿ ನಿಲ್ಲುತ್ತವೆ, ಕೆಟ್ಟದ್ದು ಸಲೀಸಾಗಿ ಕುಸಿಯುತ್ತದೆ. ರಾಕರ್ ಸೆಟ್ ಎತ್ತುವಾಗ ಅಡ್ಜಸ್ಟರ್‌ಗಳು ಜಾರಿ ಬೀಳದಂತೆ ತಂತಿ ಕಟ್ಟಲಿ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಕುಸಿದದ್ದನ್ನು ಶುದ್ಧ ಡೀಸೆಲ್ಲಿನಲ್ಲಿ ಮುಳುಗಿಸಿ, ಸಣ್ಣ ತಂತಿಯಿಂದ ಒಳಗಿನ ಗುಂಡನ್ನು ಮೆಲ್ಲಗೆ ಒತ್ತಿ ಹಿಡಿದು, ಗುಳ್ಳೆ ನಿಲ್ಲುವವರೆಗೆ ಪ್ಲಂಜರ್ (ಅದರೊಳಗೆ ಜಾರುವ ಭಾಗ) ಆಡಿಸಬೇಕು. ತಂತಿ ತೆಗೆದಮೇಲೆ ಗಟ್ಟಿಯಾಗಿ ನಿಂತರೆ ಮತ್ತೆ ಹಾಕಲಿ. ಆಗಲೂ ಕುಸಿದರೆ ಅದೊಂದನ್ನು ಹೊಸದು ಹಾಕಿಸು. 12ನ್ನೂ ಬದಲಾಯಿಸಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ, ಪ್ರತಿಯೊಂದನ್ನೂ ಒತ್ತಿ ತೋರಿಸಲು ಹೇಳು.

ಕವರ್ ಪ್ಯಾಕಿಂಗ್ ಹೊಸದೇ ಇರಲಿ. ಹಳೆಯದಕ್ಕೇ ಗಮ್ ಮೆತ್ತಲು ಬಿಡಬೇಡ; ಅದರ ತುಣುಕು ಕಿತ್ತು ಕೆಳಗಿಳಿದರೆ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.