ನುಡಿ ಫಾಂಟಿನ ನೋಟ್ಸು ಅಂಧ ವಿದ್ಯಾರ್ಥಿಯ ಫೋನಿಗೆ ಓದಲು ಬರುತ್ತಿಲ್ಲ, ಏನು ಮಾಡಬೇಕು?

ಚಾಕ್‌ಪೀಸ್:
ಎಂಟನೇ ತರಗತಿಯ ಅಂಧ ವಿದ್ಯಾರ್ಥಿಯೊಬ್ಬ ಫೋನಿನ ಟಾಕ್‌ಬ್ಯಾಕ್‌ನಲ್ಲಿ (ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ) ಓದುತ್ತಾನೆ. ನಮ್ಮ ನೋಟ್ಸು, ಪ್ರಶ್ನೆಪತ್ರಿಕೆ ಎಲ್ಲ 'ನುಡಿ 01 ಇ' ಫಾಂಟಿನವು. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ, ಫೋನು ಮಾತ್ರ ಇಂಗ್ಲಿಷ್ ಅಕ್ಷರ ಒದರುತ್ತದೆ. ಕನ್ನಡ ಧ್ವನಿ ಹಾಕಿದ್ದೇವೆ. 200 ಪುಟ ಮತ್ತೆ ಟೈಪ್ ಮಾಡಬೇಕೇ?

ಅರ್ಕಾವತ್ತು:
ಬೇಡ. ತಪ್ಪು ಧ್ವನಿಯದಲ್ಲ, ಕಡತದ್ದು. ಹಳೆಯ ನುಡಿಯಲ್ಲಿ 'ಕ' ಎಂದರೆ ಒಳಗೆ ಇಂಗ್ಲಿಷಿನ ದೊಡ್ಡ 'ಪಿ', ಪಕ್ಕದಲ್ಲಿ ತಲೆಕಟ್ಟಿಗಾಗಿ, ಮೇಲೊಂದು ಗೀರಿರುವ ದೊಡ್ಡ 'ಎ'. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿದೆ, ಅಷ್ಟೆ. ಪಿಡಿಎಫ್ ಆ ವೇಷವನ್ನೂ ಜೊತೆಗೆ ಒಯ್ಯುವುದರಿಂದ ನೋಡುವವರಿಗೆ ತಿಳಿಯುವುದಿಲ್ಲ.

ಮೂಲ ವರ್ಡ್ ಕಡತ ತೆರೆದು ಪಠ್ಯವನ್ನು ಆಸ್ಕಿಯಿಂದ (ಹೀಗೆ ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ವೇಷ ಹಾಕುವ ಹಳೆಯ ಪದ್ಧತಿ) ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ಹಾಕಿ. ಒಂದು ಸಲಕ್ಕೆ ಒಂದು ಪಾಠ ಸಾಕು. ಬಂದದ್ದನ್ನು ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಉಳಿಸಿ. ಆಮೇಲೆ ನೋಡಬೇಕಾದದ್ದು ಮುಖ್ಯವಾಗಿ ಅರ್ಕಾವತ್ತು: ಹಳೆಯ ಕಡತದಲ್ಲಿ 'ಧರ್ಮ' ಎಂಬುದು ಕಣ್ಣಿಗೆ ಕಾಣುವ ಸಾಲಿನಲ್ಲಿ, ಅಂದರೆ ಧ, ಮ, ಕೊನೆಗೆ ಅರ್ಕಾವತ್ತು ಎಂದು ಕೂತಿರುತ್ತದೆ. ಯೂನಿಕೋಡ್‌ನಲ್ಲಿ 'ರ್' ಎಂಬುದು 'ಮ'ಕ್ಕಿಂತ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಜಾಗ ಬದಲಿಸುತ್ತದೆ. ನಡುವೆ ಎಲ್ಲಾದರೂ ಖಾಲಿ ಜಾಗ ಬಿದ್ದಿದ್ದರೆ ಎಡವುತ್ತದೆ. ಕೆಲವರು ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿರುತ್ತಾರೆ. ಕಣ್ಣು ಅದನ್ನು ಹಿಡಿಯುವುದಿಲ್ಲ, ಕಿವಿ ಹಿಡಿಯುತ್ತದೆ. ಹಾಗಾಗಿ ಕರಡು ತಿದ್ದುವಾಗ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತವಾದ ಪರದೆ ಓದುವ ತಂತ್ರಾಂಶ ಹಾಕಿ ಕೇಳುತ್ತಾ ತಿದ್ದಿ.

ಗಣಿತಮೇಷ್ಟ್ರು:
ಗಣಿತಕ್ಕೆ ಒಂದು ಎಚ್ಚರಿಕೆ. ಪರಿವರ್ತಕಕ್ಕೆ ಅಂಟಿಸಿದಾಗ ಯಾವ ಪದ ಯಾವ ಫಾಂಟಿನದು ಎಂಬುದು ಅಳಿಸಿಹೋಗುತ್ತದೆ. ಎಕ್ಸ್, ವೈ, ಸೆಂ.ಮೀ.ಯ ಇಂಗ್ಲಿಷ್ ಗುರುತು ಎಲ್ಲವೂ ಕನ್ನಡದ ಚೂರುಗಳಾಗಿಬಿಡುತ್ತವೆ. ಮೊದಲೇ ವರ್ಡಿನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಟೈಮ್ಸ್ ನ್ಯೂ ರೋಮನ್ ಫಾಂಟಿನದ್ದಷ್ಟನ್ನೂ ಕೆಂಪು ಮಾಡಿ ಒಂದು ಪ್ರತಿ ತೆಗೆದಿಡಿ. ಪರಿವರ್ತನೆಯ ನಂತರ ಆ ಪ್ರತಿ ನೋಡಿಕೊಂಡು, ಅದರಲ್ಲಿ ಕೆಂಪಿದ್ದಲ್ಲಿ ಮಾತ್ರ ಕೈಯಿಂದ ತುಂಬಿ. ಕಾಗದದ ಪ್ರತಿಯಷ್ಟೇ ಉಳಿದಿದ್ದರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಸಿಗುತ್ತದೆ. ಒತ್ತಕ್ಷರ ತಪ್ಪುವುದು ಹೆಚ್ಚು.

ಚಾಕ್‌ಪೀಸ್:
ಉಪಕಾರವಾಯ್ತು. ಆದರೆ ಮುಂದಿನ ತಿಂಗಳ ನೋಟ್ಸೂ ಹಳೆಯ ನುಡಿಯಲ್ಲೇ ಬರುತ್ತದೆ. ಟೈಪ್ ಮಾಡುವವರು 'ಹೊಸ ಕೀಲಿಮಣೆ ಕಲಿಯಲಾರೆವು' ಅನ್ನುತ್ತಾರೆ.

ಹಳೇಡಿಟಿಪಿ:
ಕಲಿಯಬೇಕಾಗಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿ ವಿನ್ಯಾಸ ಅದೇ.

ಅವರನ್ನು ಬೈಯುವುದೂ ಸರಿಯಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದ ಇದೆ. ಆದರೆ ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಅದು ಅರ್ಥವಾಗುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಸರ್ಕಾರ ಕಚೇರಿಗಳಿಗೆ ಮಾನಕವಾಗಿ ಒಪ್ಪಿಕೊಂಡಿತು. ಸುತ್ತೋಲೆ ಯಾವುದರಲ್ಲೋ ಶಾಲೆಯೂ ಅದರಲ್ಲೇ. ಆಗ ಕಾಗದದ ಮೇಲೆ ಅಚ್ಚಾದರೆ ಸಾಕಿತ್ತು, ಫೋನು ಓದಬೇಕೆಂದು ಯಾರೂ ಕೇಳಿರಲಿಲ್ಲ.

ಈಗ ಕೇಳಲು ಕಾಯ್ದೆ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 17ನೇ ಕಲಂ ಪ್ರಕಾರ ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಉಚಿತವಾಗಿ ಸಿಗಬೇಕು. ಪೋಷಕರಿಂದ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿಸಿ, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಪ್ರತಿ. ಅರ್ಜಿಯಲ್ಲಿ 'ಸಾಫ್ಟ್ ಕಾಪಿ' ಎಂದಷ್ಟೇ ಬರೆದರೆ ಮತ್ತದೇ ಪಿಡಿಎಫ್ ಬರುತ್ತದೆ. 'ಯೂನಿಕೋಡ್ ಪಠ್ಯವಿರುವ ವರ್ಡ್ ಕಡತ' ಎಂದು ಬಿಡಿಸಿ ಬರೆಸಿ.