ಹಿಮೋಗ್ಲೋಬಿನ್ 9.2 ಬಂದಿದೆ, ಬೀಟ್‌ರೂಟ್ ಜ್ಯೂಸ್ ಕುಡಿದರೆ ಸಾಕಾ?

ಪ್ರಶ್ನೆ (ಹಾಸನದ ಸದಸ್ಯೆ): ಮೇಡಂ, ನನಗೆ 34 ವರ್ಷ. ಮಹಡಿ ಹತ್ತಿದರೆ ಏದುಸಿರು ಬರುತ್ತದೆ, ಕೂದಲು ಸಿಕ್ಕಾಪಟ್ಟೆ ಉದುರುತ್ತಿದೆ. ಹಿಮೋಗ್ಲೋಬಿನ್ 9.2. ಮುಟ್ಟಾದರೆ ಏಳೆಂಟು ದಿನ ಜಾಸ್ತಿ ಹೋಗುತ್ತದೆ. ಅತ್ತೆ ದಿನಾ ಬೀಟ್‌ರೂಟ್ ಜ್ಯೂಸ್ ಮಾಡಿಕೊಡುತ್ತಾರೆ. ಅಷ್ಟು ಸಾಕಾ? ಇನ್ನೊಂದು, ಹೇಳೋಕೆ ನಾಚಿಕೆ. ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳದೆ ಇರೋಕೇ ಆಗಲ್ಲ.

ಡಾಕ್ಟರ್ ಉತ್ತರ: ಖಂಡಿತ ನಾಚಿಕೆ ಬೇಡ ಅಮ್ಮ, ಹೇಳಿದ್ದು ಒಳ್ಳೆಯದಾಯಿತು. ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆ ಇರುವವರಲ್ಲಿ ತುಂಬಾ ಸಾಮಾನ್ಯ. ಎಷ್ಟೋ ಹೆಂಗಸರು ಇದನ್ನು ಮುಚ್ಚಿಡುತ್ತಾರೆ. ಚಿಕಿತ್ಸೆ ಶುರುವಾದರೆ ಈ ಚಪಲ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.

ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. 9.2 ಇದ್ದಾಗ ಬರೀ ಊಟ ಸಾಲದು, ಕಬ್ಬಿಣದ ಮಾತ್ರೆ ಬೇಕು. ಬೀಟ್‌ರೂಟ್ ಬಣ್ಣಕ್ಕೆ ಮಾತ್ರ ಕೆಂಪು. ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅದಕ್ಕಿಂತ ಹುರುಳಿಕಾಳಿನ ಸಾರು, ಹರಿವೆ ಸೊಪ್ಪಿನ ಪಲ್ಯ ಎಷ್ಟೋ ಮೇಲು. ಮಾಂಸ ತಿನ್ನುವವರಾದರೆ ಮಾಂಸದ ಕಬ್ಬಿಣ ದೇಹಕ್ಕೆ ಇನ್ನೂ ಸಲೀಸಾಗಿ ಸೇರುತ್ತದೆ.

ಮೊದಲು ಫೆರಿಟಿನ್ ಪರೀಕ್ಷೆ ಮಾಡಿಸಿ. ದೇಹ ಎಷ್ಟು ಕಬ್ಬಿಣ ಕೂಡಿಟ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. 15ಕ್ಕಿಂತ ಕಡಿಮೆ ಬಂದರೆ ಕೊರತೆ ಖಚಿತ. ಸಸ್ಯಾಹಾರಿಗಳಾದರೆ ಬಿ12 ಕೂಡ ನೋಡಿಸಿ. ಇಷ್ಟು ಮುಟ್ಟು ಹೋಗುವುದಕ್ಕೆ ಕಾರಣ ಏನು ಅಂತ ಹೆರಿಗೆ ಡಾಕ್ಟರ ಹತ್ತಿರ ತೋರಿಸಲೇಬೇಕು. ಅದು ನಿಲ್ಲದೆ ಮಾತ್ರೆ ಎಷ್ಟು ನುಂಗಿದರೂ ಒಂದು ಕಡೆ ತುಂಬಿ ಇನ್ನೊಂದು ಕಡೆ ಸೋರುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಒಂದು ವಿಷಯ ಗಮನಿಸಿ. ಊಟ, ತಿಂಡಿಯ ಜೊತೆಗೆ ಕಾಫಿ, ಟೀ ಬೇಡ. ಅದರಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಒಂದು ಗಂಟೆಯಾದರೂ ಅಂತರ ಇರಲಿ. ಕಾಫಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೊತ್ತು ಬದಲಿಸಿ. ಪಲ್ಯಕ್ಕೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿ. ಅದರ ಸಿ ವಿಟಮಿನ್‌ನಿಂದ ದೇಹ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಮಾತ್ರೆಯನ್ನು ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ. ಹೊಟ್ಟೆ ತೊಳೆಸಿದರೆ ಸುಮ್ನೆ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ದಿನ ಬಿಟ್ಟು ದಿನ ಕೊಟ್ಟೂ ನೋಡಬಹುದು. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಸುಸ್ತು ಹೋಯಿತು ಅಂತ ಅಲ್ಲಿಗೇ ಬಿಟ್ಟವರು ವರ್ಷದೊಳಗೆ ಮತ್ತೆ ಬರುತ್ತಾರೆ.

ಪ್ರಶ್ನೆ (ಮಂಡ್ಯ): ನಮ್ಮನೇಲಿ ಎರಡು ಹೊತ್ತೂ ರಾಗಿ ಮುದ್ದೆ. ಆದರೂ 14 ವರ್ಷದ ಮಗಳಿಗೆ ರಕ್ತ ಕಡಿಮೆ ಅಂದರು. ಯಾಕೆ?

ಡಾಕ್ಟರ್: ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೆ ಅದು ದೊಡ್ಡ ಆಸರೆ. ಕಬ್ಬಿಣ ಮಾತ್ರ ಅಷ್ಟಿಲ್ಲ, ಇರುವುದೂ ಪೂರ್ತಿ ಸಿಗುವುದಿಲ್ಲ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ನುಂಗುತ್ತಾಳಾ ಕೇಳಿ. ಎಷ್ಟೋ ಮಕ್ಕಳು ಬಿಸಾಡುತ್ತಾರೆ. ಆದರೆ ಅದು ಕೊರತೆ ಬಾರದಿರಲು ಕೊಡುವ ಮಾತ್ರೆ. ಈಗಾಗಲೇ ಕಡಿಮೆ ಇದ್ದರೆ ಬೇರೆ ಪ್ರಮಾಣ ಬೇಕು, ಡಾಕ್ಟರಿಗೆ ತೋರಿಸಿ. ಜಂತುಹುಳದ ಮಾತ್ರೆಯೂ ತಪ್ಪಬಾರದು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ.

ಪ್ರಶ್ನೆ (ಶಿರಸಿ): ನಾವು ಪುಡಿ ಉಪ್ಪು ಬಿಟ್ಟು ಕಲ್ಲುಪ್ಪು ಬಳಸುತ್ತೇವೆ. ಒಳ್ಳೆಯದಲ್ವಾ?

ಡಾಕ್ಟರ್: ಪ್ಯಾಕೆಟ್ ಮೇಲೆ ಅಯೋಡಿನ್ ಇದೆ ಅಂತ ಬರೆದಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಮನೆಯಲ್ಲಿ ಬಸುರಿ ಇದ್ದರಂತೂ ಬೇಡವೇ ಬೇಡ. ಮಗುವಿನ ಮೆದುಳು ಬೆಳೆಯುವುದಕ್ಕೆ ಅಯೋಡಿನ್ ಬೇಕು. ಗುಲಾಬಿ ಉಪ್ಪಿಗೂ ಇದೇ ಮಾತು.

ಪ್ರಶ್ನೆ (ದಾವಣಗೆರೆ): ಅಪ್ಪನಿಗೆ 62. ಅವರದ್ದೂ 9 ಇದೆ. ಇದೇ ಮಾತ್ರೆ ಕೊಡಬಹುದಾ?

ಡಾಕ್ಟರ್: ಈಗಲೇ ಕೊಡಬೇಡಿ. ಈ ವಯಸ್ಸಿನ ಗಂಡಸರಲ್ಲಿ ರಕ್ತ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ಎಲ್ಲೋ ಸೋರುತ್ತಿದೆಯಾ ಅಂತ ಮೊದಲು ನೋಡಬೇಕು. ಹುಣ್ಣು ಇರಬಹುದು, ಮೈಕೈ ನೋವಿನ ಮಾತ್ರೆಯ ಕಾಟ ಇರಬಹುದು, ಗಡ್ಡೆಯೂ ಇರಬಹುದು. ಮಲ ಡಾಂಬರಿನಂತೆ ಕಪ್ಪಗಿದೆಯಾ ಇವತ್ತೇ ಕೇಳಿ. ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೂ ಈ ವಾರದೊಳಗೆ ತೋರಿಸಿ. ಮಾತ್ರೆ ಶುರು ಮಾಡಿಬಿಟ್ಟರೆ ಮಲ ಹೇಗೂ ಕಪ್ಪಗಾಗುತ್ತದೆ, ಆಮೇಲೆ ಆ ಸುಳಿವು ಸಿಗುವುದಿಲ್ಲ.